ಪಾಸ್‌ಬುಕ್ಕಿನ ಮೂರು ಕಾಲಂ: ಪೌರಕಾರ್ಮಿಕರ ಸಂಘದ ಕೆಲಸ ಶುರುವಾಗುವುದು ಇಲ್ಲಿಂದ

2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಅದರ ಹಿಂದೆ 2018ರಲ್ಲಿ ಬಂದ ನೇರ ಪಾವತಿ (ಗುತ್ತಿಗೆದಾರನ ಬದಲು ಪಾಲಿಕೆಯೇ ಸಂಬಳ ಕೊಡುವುದು) ಇದೆ, 2022ರ ಜುಲೈ ಮುಷ್ಕರ ಇದೆ, ಅದಕ್ಕೂ ಮುಂಚಿನ ವರ್ಷಗಟ್ಟಲೆ ಓಡಾಟ ಇದೆ. ಆದರೆ ಆಟೊ ಟಿಪ್ಪರ್ ಚಾಲಕರು, ಲೋಡರ್‌ಗಳು, ಸಹಾಯಕರು ಎಷ್ಟೋ ಊರುಗಳಲ್ಲಿ ಇನ್ನೂ ಗುತ್ತಿಗೆದಾರನ ಕೈಕೆಳಗೇ ಇದ್ದಾರೆ. ಇವರ ಮಧ್ಯೆ ಸಂಘ ಕಟ್ಟುವವರು ಭಾಷಣಕ್ಕಿಂತ ಮೊದಲು ಪಿಎಫ್ ಪಾಸ್‌ಬುಕ್ ಓದುವುದನ್ನು ಕಲಿಯಬೇಕು. ‘ಪಿಎಫ್ ಸರಿಯಾಗಿ ಕಟ್ತಿಲ್ಲ ಸಾರ್’ ಅಂದರೆ ಅಧಿಕಾರಿಗಳು ‘ನೋಡೋಣ’ ಅನ್ನುತ್ತಾರೆ. ಯಾವ ತಿಂಗಳು, ಎಷ್ಟು ಜನಕ್ಕೆ, ಎಷ್ಟು ರೂಪಾಯಿ ಅಂತ ಬರೆದುಕೊಟ್ಟರೆ ಕಡತ ತೆರೆಯಲೇಬೇಕಾಗುತ್ತದೆ.

15,000 ರೂಪಾಯಿ ಸಂಬಳದ ಮೇಲೆ ಪೂರ್ತಿ ಪಿಎಫ್ ಕಟ್ಟಿದ್ದರೆ ಪಾಸ್‌ಬುಕ್ಕಿನಲ್ಲಿ ಮೂರು ಅಂಕಿ ಕಾಣಬೇಕು: ಕಾರ್ಮಿಕರ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250. ಕೊನೆಯ ಎರಡೂ ಸೇರಿದರೆ ಮತ್ತೆ 1,800. ಸಂಬಳದ ಚೀಟಿಯಲ್ಲಿ ಪಿಎಫ್ ಅಂತ 3,600 ಮುರಿದಿದ್ದರೆ ಗುತ್ತಿಗೆದಾರ ತನ್ನ ಪಾಲನ್ನೂ ಕಾರ್ಮಿಕರ ಜೇಬಿನಿಂದಲೇ ಎತ್ತಿದ್ದಾನೆ ಎಂದರ್ಥ. ಇದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ.

ಇನ್ನೊಂದು ಕೈಚಳಕ ದಿನದ ಲೆಕ್ಕದಲ್ಲಿ ನಡೆಯುತ್ತದೆ. 26 ದಿನ ದುಡಿದವರನ್ನು 15 ದಿನ ಅಂತ ತೋರಿಸಿದರೆ ಸಂಬಳ 8,654 ಆಗಿ, ಮೊದಲ ಕಾಲಂನಲ್ಲಿ 1,800ರ ಬದಲು 1,038 ಬೀಳುತ್ತದೆ. ಪ್ರತಿ ತಿಂಗಳೂ ದುಡ್ಡು ಜಮೆ ಆಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ತಿಂಗಳ ಕೊನೆಯ ದಿನ ಹಾಜರಿ ಹಾಕುವ ಮಸ್ಟರಿಂಗ್ ಜಾಗದಲ್ಲೇ ಹಾಜರಿ ಪುಸ್ತಕದ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಪೊರಕೆ ಹಿಡಿದು ಸವೆದ ಬೆರಳನ್ನು ಬಯೋಮೆಟ್ರಿಕ್ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ. ಅಂಥ ದಿನ ಮೇಸ್ತ್ರಿಯ ಪುಸ್ತಕದಲ್ಲಿ ಹೆಬ್ಬೆಟ್ಟೋ ಸಹಿಯೋ ಆಗಲೇ ಬೀಳಬೇಕು. ನಾಳೆ ಹಾಕಿಕೊಳ್ಳೋಣ ಅಂದದ್ದು ಗೈರುಹಾಜರಿ ಆಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಪಿಂಚಣಿಯಲ್ಲಿ. 58 ತುಂಬಿದ ಮೇಲೆ ತಿಂಗಳ ಪಿಂಚಣಿ ಬರಲು ಹತ್ತು ವರ್ಷದ ಸೇವೆ ಬೇಕು (ಕೊನೆಗೆ ಉಳಿದ ಆರು ತಿಂಗಳನ್ನೂ ಒಂದು ವರ್ಷ ಅಂತ ಹಿಡಿಯುತ್ತಾರೆ). ಟೆಂಡರ್ ಬದಲಾದಾಗಲೆಲ್ಲ ಹೊಸ ಗುತ್ತಿಗೆದಾರ ಹೊಸ ಯುಎಎನ್ (ಒಬ್ಬರಿಗೆ ಒಂದೇ ಇರಬೇಕಾದ ಪಿಎಫ್ ಸದಸ್ಯ ಸಂಖ್ಯೆ) ಮಾಡಿಸುತ್ತಾನೆ. ಹಳೆಯವನು ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿರುವುದಿಲ್ಲ. ಹಾಜರಿಯಲ್ಲಿ ‘ಲಕ್ಷ್ಮಿ’, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಹೀಗೆ ಅದೇ ಬೀದಿಯನ್ನು ಹನ್ನೆರಡು ವರ್ಷ ಗುಡಿಸಿದವರ ಸೇವೆ ಕಾಗದದಲ್ಲಿ ನಾಲ್ಕು ಬೇರೆ ಬೇರೆ ಹೆಂಗಸರದ್ದಾಗಿ ಹೋಗುತ್ತದೆ. ಮೊದಲು ಹೆಸರು, ಹುಟ್ಟಿದ ದಿನಾಂಕ ತಿದ್ದಿಸಿ. ಆಮೇಲೆ ಹಳೆಯ ಖಾತೆಗಳನ್ನು ಈಗಿನ ಯುಎಎನ್‌ಗೆ ವರ್ಗ ಮಾಡಿಸಿ. ಈ ಕ್ರಮ ತಪ್ಪಿದರೆ ಅರ್ಜಿ ತಿರಸ್ಕೃತ ಆಗುತ್ತದೆ. ಕೊನೆಯ ಜಮೆಯಾಗಿ ಎರಡು ತಿಂಗಳು ಕಳೆದಿದ್ದರೆ ಕೆಲಸ ಬಿಟ್ಟ ದಿನಾಂಕವನ್ನು ಸದಸ್ಯರೇ ಆನ್‌ಲೈನ್‌ನಲ್ಲಿ ಹಾಕಬಹುದು, ಅದಕ್ಕೆ ಹಳೆ ಗುತ್ತಿಗೆದಾರನ ಕಾಲು ಹಿಡಿಯಬೇಕಿಲ್ಲ.

ಗುತ್ತಿಗೆ ಬದಲಾದಾಗ ‘ಪಿಎಫ್ ಬಿಡಿಸಿಕೊಡ್ತೀನಿ’ ಅಂತ ಬರುವ ಏಜೆಂಟರ ಬಗ್ಗೆ ಎಚ್ಚರಿಕೆ ಹೇಳಲೇಬೇಕು. 10ಸಿ ನಮೂನೆಯಲ್ಲಿ ಪಿಂಚಣಿ ದುಡ್ಡನ್ನೂ ತೆಗೆದುಬಿಟ್ಟರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗಿ ಲೆಕ್ಕ ಸೊನ್ನೆಯಿಂದ ಶುರು. ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಿದ್ದರೆ ಪಿಎಫ್ ಭಾಗದಿಂದ ಮುಂಗಡ ತೆಗೆಯಲಿ, ಪಿಂಚಣಿ ಕಾಲಂ ಮುಟ್ಟದಿರಲಿ.

ಚಿಕಿತ್ಸೆ, ಕಾಯಿಲೆ ರಜೆಯ ಭತ್ಯೆ ಕೊಡುವ ಕಾರ್ಮಿಕರ ವಿಮೆಯಾದ ಇಎಸ್‌ಐನಲ್ಲಿ ಕಾರ್ಮಿಕರ ಪಾಲು ಸಂಬಳದ ಶೇ 0.75, ಮಾಲೀಕರದು ಶೇ 3.25. ಇಲ್ಲಿ ಪೆಟ್ಟು ತಡವಾಗಿ ಗೊತ್ತಾಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ. ಕಾಯಿಲೆ ರಜೆಯ ಭತ್ಯೆಗೆ, ವಂತಿಗೆ ಕಟ್ಟುವ ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇರಬೇಕು. ತಿಂಗಳಿಗೆ 26ರಂತೆ ಸರಿಯಾಗಿ ಮೂರು ತಿಂಗಳು. ಮಳೆಗಾಲದಲ್ಲಿ ದಿನ ಕಡಿಮೆ ತೋರಿಸಿದ್ದು ಫೆಬ್ರುವರಿಯಲ್ಲಿ ಕಾಮಾಲೆ ಬಂದು ಮಲಗಿದಾಗ ಬಯಲಾಗುತ್ತದೆ. ಸೆಪ್ಟೆಂಬರ್‌ನಲ್ಲೇ ನೋಡಿಕೊಂಡಿದ್ದರೆ ತಿದ್ದಿಸಲು ಸಮಯ ಇರುತ್ತಿತ್ತು. ಕೆಲಸದಲ್ಲಿ ಆದ ಅಪಘಾತಕ್ಕೆ ಮಾತ್ರ ಈ ಕನಿಷ್ಠ ದಿನದ ಷರತ್ತು ಇಲ್ಲ. ವಾಹನ ಗುದ್ದಿದವರನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಅಪಘಾತ ವರದಿ ಹೋಗುವಂತೆ ನೋಡಿಕೊಳ್ಳಿ.

ಗುತ್ತಿಗೆದಾರ ದಾಖಲೆ ಕೊಡದಿದ್ದರೆ ಅವನ ಹಿಂದೆ ಅಲೆದು ಫಲವಿಲ್ಲ. ಬಿಲ್ ಪಾಸು ಮಾಡುವುದು ಸ್ಥಳೀಯ ಸಂಸ್ಥೆ. ಬಿಲ್ಲಿನ ಜೊತೆ ಲಗತ್ತಿಸಿದ ಪಿಎಫ್ ಇಸಿಆರ್ (ಗುತ್ತಿಗೆದಾರ ಪ್ರತಿ ತಿಂಗಳು ಸಲ್ಲಿಸುವ ಲೆಕ್ಕಪತ್ರ), ಚಲನ್ ಅಲ್ಲೇ ಇರಬೇಕು. 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ (ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ). ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪಿಎಫ್, ಇಎಸ್‌ಐ, ಸಮವಸ್ತ್ರ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ವಾಪಸ್ ಬರುತ್ತದೆ. ಚಲನ್ ಒಂದೇ ಸಾಲದು, ಅದರಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ. ಹೆಸರುವಾರು ಪಟ್ಟಿ ಇರುವ ಇಸಿಆರ್ ಕೇಳಿ.

ಆಮೇಲಿನದು ಪತ್ರ. ಒಂದೇ ಪುಟ, ಕೆಳಗೆ ಪಟ್ಟಿ: ಹೆಸರು, ಯುಎಎನ್, ವಾರ್ಡು, ತಿಂಗಳು, ದುಡಿದ ದಿನ, ತೋರಿಸಿದ ದಿನ, ಬಾಕಿ. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ, ಏಕೆಂದರೆ ಗುತ್ತಿಗೆದಾರ ಕಟ್ಟದಿದ್ದರೆ ಹೊಣೆ ಮೂಲ ಮಾಲೀಕನ, ಅಂದರೆ ಕೆಲಸ ಗುತ್ತಿಗೆಗೆ ಕೊಟ್ಟ ಆ ಸಂಸ್ಥೆಯ ಮೇಲೆ ಬರುತ್ತದೆ. ಇನ್ನೊಂದು ಪಿಎಫ್ ಕಚೇರಿಗೆ. ಟಪಾಲು ವಿಭಾಗದ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಬೀಳದ ಪತ್ರ ಕೊಟ್ಟರೂ ಒಂದೇ ಕೊಡದಿದ್ದರೂ ಒಂದೇ. ಹಿಂದಿನ ತಿಂಗಳ ಪಿಎಫ್ ಮತ್ತು ಇಎಸ್‌ಐ ಕಟ್ಟಲು 15ನೇ ತಾರೀಕು ಗಡುವು, ಪಾಸ್‌ಬುಕ್ಕಿನಲ್ಲಿ ಕಾಣಿಸಲು ಇನ್ನೂ ಕೆಲವು ದಿನ ಹಿಡಿಯುತ್ತದೆ. ಸಂಘದ ಸಭೆಯನ್ನು 25ರ ನಂತರ ಇಟ್ಟುಕೊಂಡು, ಪಾಸ್‌ಬುಕ್ ತೆರೆದು ನೋಡಲು ಪ್ರತಿಯೊಬ್ಬರಿಗೂ ಆಧಾರ್‌ಗೆ ಜೋಡಿಸಿದ ಮೊಬೈಲ್ ತರಲು ಹೇಳಿ. ಒಟಿಪಿ ಬರುವುದು ಅದಕ್ಕೇ, ಆ ಫೋನು ಮನೆಯಲ್ಲಿ ಮಗನ ಕೈಯಲ್ಲಿದ್ದರೆ ಅವತ್ತಿನ ಕೆಲಸ ಕೆಟ್ಟಿತು.