ಕೊಲಂಬಸ್‌ಗೆ ಹೊರಟ ಅಪ್ಪ-ಅಮ್ಮಂದಿರಿಗೆ ನಾಲ್ಕು ಮಾತು

ಮಗ ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ, ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸೆಪ್ಟೆಂಬರ್ ಕೊನೆಗೆ ಹೋಗಿ ನವೆಂಬರ್ ಮುಗಿಯುವವರೆಗೆ ನಾವಿಬ್ಬರೂ ಅವನ ಜೊತೆಗಿದ್ದೆವು. ‘ಅಲ್ಲಿ ನೋಡೋಕೇನಿದೆ, ಸುತ್ತ ಮೆಕ್ಕೆಜೋಳದ ಹೊಲ’ ಎಂದು ನ್ಯೂಜೆರ್ಸಿಯ ನೆಂಟರು ಫೋನಿನಲ್ಲೇ ನಕ್ಕಿದ್ದರು. ಹೊಲ ಇರುವುದು ನಿಜ, ಆದರೆ ಅದು ಊರು ದಾಟಿದ ಮೇಲೆ. 2020ರ ಜನಗಣತಿಯಲ್ಲಿ ಕೊಲಂಬಸ್ ನಗರದ ಜನಸಂಖ್ಯೆ 9 ಲಕ್ಷ ದಾಟಿತ್ತು. ಅದೇ ರಾಜ್ಯದ ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ ಎರಡನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ.

ಟಿಕೆಟ್ ತೆಗೆಸುವ ಮೊದಲು ಯೂನಿವರ್ಸಿಟಿ ಫುಟ್‌ಬಾಲ್ ತಂಡದ ವೇಳಾಪಟ್ಟಿ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಮಗನ ಒಂದೇ ಕೋಣೆಯಲ್ಲಿ ಮೂವರು ಹಿಡಿಸುವುದಿಲ್ಲವೆಂದು ಮೊದಲ ವಾರ ಹೋಟೆಲಿನಲ್ಲಿರಲು ಯೋಚಿಸಿದ್ದೆವು. ಆ ಶನಿವಾರ ಊರಲ್ಲೇ ಮ್ಯಾಚ್. ಬಾಡಿಗೆ ಉಳಿದ ದಿನಗಳ ಮೂರು ಪಟ್ಟು! ನಮ್ಮೆಜಮಾನ್ರು ಕಡೆಗೆ ಮಗನ ಕೋಣೆಯ ನೆಲದ ಮೇಲೇ ಹಾಸಿಕೊಂಡು ಮಲಗಿದರು. 1922ರಲ್ಲಿ ಕಟ್ಟಿದ ಸ್ಟೇಡಿಯಂ ಕುದುರೆಲಾಳದ ಆಕಾರದಲ್ಲಿದೆ, ಒಂದು ಲಕ್ಷ ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಜಾತ್ರೆಯೇ ಸರಿ, ತೇರೊಂದಿಲ್ಲ. ಕೆಂಪು ಅಂಗಿಯವರು ಎದುರಾಗಿ ‘ಓ-ಎಚ್’ ಎಂದರೆ ನೀವು ‘ಐ-ಓ’ ಎನ್ನಬೇಕು, ಎರಡೂ ಸೇರಿದರೆ ಇಂಗ್ಲಿಷಿನ ‘ಒಹಾಯೊ’. ಎರಡನೇ ವಾರದ ಹೊತ್ತಿಗೆ ನಮ್ಮವರು ತರಕಾರಿ ಅಂಗಡಿಯಲ್ಲೂ ಕೂಗತೊಡಗಿದ್ದರು. ನವೆಂಬರ್ ಕೊನೆಯಲ್ಲಿ ಹಳೆಯ ಎದುರಾಳಿ ಮಿಷಿಗನ್ ಯೂನಿವರ್ಸಿಟಿಯ ಎದುರಿನ ಮ್ಯಾಚಿನ ವಾರವಂತೂ ಕ್ಯಾಂಪಸ್ಸಿನ ಬೋರ್ಡುಗಳಲ್ಲಿದ್ದ ‘ಎಂ’ ಅಕ್ಷರಗಳಿಗೆ ಕೆಂಪು ಟೇಪಿನ ಅಡ್ಡಗೆರೆ ಬಿದ್ದಿತ್ತು.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಮೆರಿಕದಲ್ಲಿ ಮೊದಲು ಇಳಿಯುವ ಊರಲ್ಲೇ ಇಮಿಗ್ರೇಷನ್ ಮುಗಿಸಬೇಕು, ಅಲ್ಲಿಂದ ಇನ್ನೊಂದು ವಿಮಾನ. ಹಾಗಾಗಿ ನಡುವೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಶಿಕಾಗೊದಿಂದ ರೈಲು ಹಿಡಿಯೋಣ ಅಂದುಕೊಂಡೀರಿ, ಈ ಊರಿಗೆ 1979ರಿಂದ ಪ್ರಯಾಣಿಕರ ರೈಲೇ ಇಲ್ಲ. ರಾಜ್ಯದ ರಾಜಧಾನಿಗೆ ರೈಲಿಲ್ಲ ಎಂದರೆ ರೈಲ್ವೆಯಿಂದ ನಿವೃತ್ತರಾದ ನಮ್ಮವರಿಗೆ ನಂಬಲು ಎರಡು ದಿನ ಬೇಕಾಯಿತು.

ಊರೊಳಗೆ ಸುತ್ತಲು ಹೈ ಸ್ಟ್ರೀಟಿನ 2ನೇ ನಂಬರ್ ಬಸ್ಸು ಸಾಕು. ಕ್ಯಾಂಪಸ್ಸಿನಿಂದ ದಕ್ಷಿಣಕ್ಕೆ ಹೊರಟರೆ ಕಮಾನುಗಳ ಸಾಲಿನ ಶಾರ್ಟ್ ನಾರ್ತ್, 1876ರಿಂದ ನಡೆಯುತ್ತಿರುವ ನಾರ್ತ್ ಮಾರ್ಕೆಟ್, ಆಮೇಲೆ ವಿಧಾನಸಭೆಯ ಕಟ್ಟಡ. ಇನ್ನೂ ಸ್ವಲ್ಪ ದೂರ ಹೋದರೆ ಜರ್ಮನ್ ವಿಲೇಜ್. ಇಟ್ಟಿಗೆ ಮನೆ, ಇಟ್ಟಿಗೆ ರಸ್ತೆ. ಅಲ್ಲೊಂದು ಪುಸ್ತಕದಂಗಡಿಗೆ 32 ಕೋಣೆಗಳು, ಒಳಗೆ ಹೋದ ಯಜಮಾನರನ್ನು ಹುಡುಕಲು ನನಗೆ ಅರ್ಧ ಗಂಟೆ ಹಿಡಿಯಿತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಮೇಲಿನ ಸಿಟ್ಟಿಗೆ ಜರ್ಮನ್ ಕವಿ ಶಿಲ್ಲರ್ ಹೆಸರಿನ ಇಲ್ಲಿನ ಪಾರ್ಕಿನ ಹೆಸರನ್ನೇ ವಾಷಿಂಗ್ಟನ್ ಪಾರ್ಕ್ ಎಂದು ಬದಲಾಯಿಸಿದ್ದರಂತೆ. ಈಗ ಮತ್ತೆ ಶಿಲ್ಲರ್. ಕ್ಯಾಂಪಸ್ಸಿನಲ್ಲಿರುವ ಬಿಲ್ಲಿ ಐರ್ಲೆಂಡ್ ವ್ಯಂಗ್ಯಚಿತ್ರ ಮ್ಯೂಸಿಯಂಗೆ ಪ್ರವೇಶಶುಲ್ಕವಿಲ್ಲ, ಬಿಡಬೇಡಿ.

ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೋಡಿ ‘ಹುಡುಗರ ಊರು’ ಎಂದುಕೊಂಡು ವಾಪಸಾಗುತ್ತಾರೆ. ಸುಮಾರು 60 ಸಾವಿರ ವಿದ್ಯಾರ್ಥಿಗಳಿರುವ ಕ್ಯಾಂಪಸ್, ಹಾಗನ್ನಿಸುವುದು ಸಹಜವೇ. ನಾನೂ ಮೂರು ವಾರ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಮಗನಿಗೆ ಪರೀಕ್ಷೆ, ನಾವಿಬ್ಬರೇ ಕ್ಲೀವ್‌ಲ್ಯಾಂಡ್ ಅವೆನ್ಯೂ ಬಸ್ಸು ಹತ್ತಿ ಉತ್ತರಕ್ಕೆ ಹೋದೆವು. ಮುಂದೆ ಮುಂದೆ ಹೋದಂತೆ ಬಸ್ಸಿನೊಳಗಿನ ಜನರೇ ಬದಲಾದರು. ಈ ನಗರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಕರಿಯರು, ಕ್ಯಾಂಪಸ್ಸಿನಲ್ಲಿ ಕೂತಿದ್ದರೆ ಅದು ತಿಳಿಯುವುದೇ ಇಲ್ಲ. ನಗರದ ಉತ್ತರ ಭಾಗದ ನಾರ್ತ್‌ಲ್ಯಾಂಡ್ ಹತ್ತಿರವಾದಾಗ ತಲೆಗೆ ಬಣ್ಣದ ವಸ್ತ್ರ ಹೊದ್ದ ಸೊಮಾಲಿ ಹೆಂಗಸರು ಹತ್ತಿದರು. ಮಿನಿಯಾಪೊಲಿಸ್ ಬಿಟ್ಟರೆ ಅಮೆರಿಕದಲ್ಲಿ ಹೆಚ್ಚು ಸೊಮಾಲಿಗಳು ನೆಲೆಸಿರುವುದು ಇಲ್ಲೇ. ತೊಂಬತ್ತರ ದಶಕದಲ್ಲಿ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಗೋದಾಮುಗಳಲ್ಲಿ ಕೆಲಸವಿತ್ತು, ಮನೆಬಾಡಿಗೆಯೂ ಕಮ್ಮಿ, ಒಬ್ಬರ ಹಿಂದೆ ಒಬ್ಬರು ಬಂದರು.

ಅವರ ‘ಕನ್ಜೀರೊ’ ತಿನ್ನಿ. ಹುಳಿ ಬಂದ ಹಿಟ್ಟನ್ನು ಕಾವಲಿಗೆ ಹುಯ್ದು, ತಿರುವಿಹಾಕದೆ ಒಂದೇ ಮಗ್ಗುಲು ಬೇಯಿಸುತ್ತಾರೆ. ಮೇಲೆಲ್ಲ ಸಣ್ಣ ತೂತು. ನಮ್ಮ ಸೆಟ್ ದೋಸೆಯ ಅಕ್ಕನೋ ತಂಗಿಯೋ ಇರಬೇಕು. ಏಲಕ್ಕಿ ಹಾಕಿದ ಹಾಲಿನ ಚಹಾ ಕುಡಿದಾಗ ಒಂದು ತಿಂಗಳ ತಲೆನೋವು ಇಳಿಯಿತು. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ‘ಸಂಬೂಸ’ ನೋಡಲು ಸಮೋಸವೇ, ಒಳಗೆ ಸಾಮಾನ್ಯವಾಗಿ ಮಾಂಸ. ಕೇಳಿಕೊಂಡೇ ಬಾಯಿಗಿಡಿ.

ಇಷ್ಟು ತರದ ಜನ ಒಂದೇ ನಗರದಲ್ಲಿ ಹೇಗೆ ಎಂದು ಮಗನನ್ನು ಕೇಳಿದೆ. ಐವತ್ತರ ದಶಕದಿಂದ ನಗರಸಭೆಯವರು ‘ನಮ್ಮ ನೀರು, ಒಳಚರಂಡಿ ಬೇಕಾ? ನಗರಕ್ಕೆ ಸೇರಿ’ ಎಂಬ ಪಟ್ಟು ಹಿಡಿದು ಸುತ್ತಲಿನ ಜಾಗವನ್ನು ಒಳಗೆ ಹಾಕಿಕೊಂಡರಂತೆ. ಹಾಗಾಗಿ ಕೊಲಂಬಸ್ ಬೆಳೆಯುತ್ತಲೇ ಹೋಯಿತು. ಬೆಕ್ಸ್ಲಿ, ಅಪ್ಪರ್ ಆರ್ಲಿಂಗ್ಟನ್‌ನಂಥ ಊರುಗಳು ಮಾತ್ರ ಬೇರೆಯಾಗೇ ಉಳಿದಿವೆ. ಬಸ್ಸಿನಲ್ಲಿ ಹೋಗುವಾಗ ಗಡಿ ಕಾಣುವುದಿಲ್ಲ, ಮನೆಗಳ ಗಾತ್ರ ನೋಡಿ ಗೊತ್ತಾಗುತ್ತದೆ.

ಹತ್ತಿರದ ಪೊವೆಲ್ ಊರಿನ ಭಾರತೀಯ ಹಿಂದೂ ದೇವಸ್ಥಾನಕ್ಕೆ ಕಾರು ಬೇಕು, ಮಕ್ಕಳ ಸ್ನೇಹಿತರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಎಲೆಗಳ ಬಣ್ಣ ನೋಡಬೇಕಿದ್ದರೆ ಅಕ್ಟೋಬರ್ ಕೊನೆಯ ಎರಡು ವಾರ ಸರಿ. ನವೆಂಬರಿನ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದೂವರೆಗೇ ಕತ್ತಲು, ಆಕಾಶವೂ ಬೂದಿ ಬಣ್ಣ. ಸುತ್ತಾಟವನ್ನೆಲ್ಲ ಅದಕ್ಕೆ ಮೊದಲೇ ಮುಗಿಸಿ.

ನಾರ್ತ್‌ಲ್ಯಾಂಡ್ ಕಡೆ ನೇಪಾಳಿ ಹೋಟೆಲುಗಳೂ ಇವೆ. ನಡೆಸುವವರಲ್ಲಿ ಹಲವರು ಭೂತಾನಿನಿಂದ ಹೊರಬಿದ್ದು, ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು, 2008ರ ಈಚೆಗೆ ಅಮೆರಿಕಕ್ಕೆ ಬಂದವರು. ನಾವು ಹೋದಲ್ಲಿ ಗಲ್ಲಾದ ಮೇಲಿದ್ದ ಅಜ್ಜಿ ನನ್ನ ಸೀರೆ ನೋಡಿ ಹಿಂದಿಯಲ್ಲೇ ಮಾತಿಗಿಳಿದರು. ‘ಮಗನ ಹತ್ತಿರ ಬಂದಿರಾ? ಎಷ್ಟು ದಿನ?’ ನನ್ನ ಹರಕು ಹಿಂದಿಯಲ್ಲೇ ಉತ್ತರ ಕೊಟ್ಟೆ. ತರಕಾರಿ ಮೊಮೊ ಸಿಗುತ್ತದೆ, ಬಿಸಿಬಿಸಿಯಾಗಿ ಬೇಯಿಸಿ ಕೊಡಲು ಇಪ್ಪತ್ತು ನಿಮಿಷ ಬೇಕು. ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡು ಆರ್ಡರ್ ಮಾಡಿ.