‘ಅದರಲ್ಲಿ ತೋರಿಸೋದೆಲ್ಲ ನಿಜವಾ?’

ಶಿರಸಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಜನ ಕೇಳುವುದು ಹೆಚ್ಚುಕಡಿಮೆ ಮೂರೇ ಪ್ರಶ್ನೆ. ಎಷ್ಟಾಗ್ತದೆ, ಯಾವಾಗ ಕೊಡ್ತೀರಿ, ಒಳಗಿದ್ದ ಫೋಟೋ ಉಳೀತದಾ. ನನಗೆ ಮಾತ್ರ ನಾಲ್ಕನೆಯದೂ ಒಂದು ಬರುತ್ತದೆ. ಕೌಂಟರ್ ಪಕ್ಕದ ಹಳೇ ಮಾನಿಟರ್‌ನಲ್ಲಿ ‘ಮಿಸ್ಟರ್ ರೋಬಾಟ್’ ಓಡುತ್ತಿರುತ್ತದೆ. ಓಡುತ್ತಿರುತ್ತದೆ ಅನ್ನುವುದಕ್ಕಿಂತ ನಿಂತಿರುತ್ತದೆ ಅಂದರೆ ಸರಿ. ಕಪ್ಪು ಪರದೆ, ಬಿಳಿ ಅಕ್ಷರ, ನಾನು ಕನ್ನಡಕ ಮೇಲೇರಿಸಿ ಬಗ್ಗಿ ಓದುತ್ತಿರುತ್ತೇನೆ. ಬಂದವರು ಎರಡು ನಿಮಿಷ ನೋಡುತ್ತಾರೆ. ಆಮೇಲೆ ಕೇಳುತ್ತಾರೆ: ‘ಅದರಲ್ಲಿ ತೋರಿಸೋದೆಲ್ಲ ನಿಜವಾ? ಅಲ್ಲ, ಒಂದನ್ನೇ ಎಷ್ಟು ಸಲ ನೋಡ್ತೀರಿ?’

ಎರಡಕ್ಕೂ ಒಟ್ಟಿಗೇ ಉತ್ತರ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದರ ಲಿಂಕ್ ಕಳಿಸಿದರಾಯಿತು.

ನೋಡದವರಿಗೆ ಸ್ವಲ್ಪ ಹಿನ್ನೆಲೆ. ಸ್ಯಾಮ್ ಎಸ್ಮೇಲ್ ಮಾಡಿದ ಅಮೆರಿಕದ ಸೀರೀಸ್ ಇದು. 2015ರ ಜೂನ್‌ನಲ್ಲಿ ಶುರುವಾಗಿ 2019ರ ಡಿಸೆಂಬರ್‌ನಲ್ಲಿ ಮುಗಿಯಿತು. ನಾಲ್ಕು ಸೀಸನ್, 45 ಕಂತು. ಎಲಿಯಟ್ ಅಂತ ಒಬ್ಬ ಹುಡುಗ. ಹಗಲು ಸೈಬರ್ ಸೆಕ್ಯುರಿಟಿ ಕಂಪನಿಯಲ್ಲಿ ಕೆಲಸ, ರಾತ್ರಿ ಹ್ಯಾಕರ್. ಆ ಪಾತ್ರ ಮಾಡಿದ ರಾಮಿ ಮಾಲೆಕ್‌ಗೆ 2016ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ‘ಎಫ್ ಸೊಸೈಟಿ’ ಅನ್ನೋ ಗುಂಪಿನ ಜೊತೆ ಸೇರಿ ಇವನು ಒಂದು ದೈತ್ಯ ಕಂಪನಿಯ ಸಾಲದ ದಾಖಲೆಗಳನ್ನು ಅಳಿಸಲು ಹೊರಡುತ್ತಾನೆ. ಕಥೆ ಇಷ್ಟು ಸಾಕು. ಹಾಂ, ‘ಮಿಸ್ಟರ್ ರೋಬಾಟ್’ ಅಂದರೆ ಏನು ಗೊತ್ತಾ? ಎಲಿಯಟ್‌ನ ಅಪ್ಪ ಇಟ್ಟಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಯ ಹೆಸರು. ನನಗೆ ಈ ಸೀರೀಸ್ ಹಿಡಿಸಿದ್ದು ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಈಗ ನಿಜ ಸುಳ್ಳಿನ ವಿಷಯ. ಸಿನಿಮಾದವರ ಹ್ಯಾಕಿಂಗ್ ನಿಮಗೆ ಗೊತ್ತೇ ಇದೆ. ಹಸಿರು ಅಕ್ಷರ ಮಳೆ ಸುರಿದ ಹಾಗೆ ಬೀಳುತ್ತದೆ, ಒಬ್ಬ ಪಟಪಟ ಕೀಬೋರ್ಡ್ ಕುಟ್ಟುತ್ತಾನೆ, ಪರದೆ ತುಂಬ ದೊಡ್ಡದಾಗಿ ‘ಆಕ್ಸೆಸ್ ಗ್ರ್ಯಾಂಟೆಡ್’. ಇದರಲ್ಲಿ ಹಾಗಿಲ್ಲ. ಪರದೆ ಮೇಲೆ ಕಾಣುವುದು ಲಿನಕ್ಸ್‌ನ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ನಿಜವಾದ ಕಮಾಂಡ್‌ಗಳು, ನಿಜವಾದ ಟೂಲ್‌ಗಳು. ಕಾಲಿ ಲಿನಕ್ಸ್, ಮೆಟಾಸ್ಪ್ಲಾಯ್ಟ್, ಜಾನ್ ದಿ ರಿಪ್ಪರ್, ಎಲ್ಲ ಈ ಕೆಲಸದವರು ದಿನಾ ಬಳಸುವಂಥವು. ಸೀರೀಸ್‌ನ ತಂಡದಲ್ಲೇ ಸೆಕ್ಯುರಿಟಿ ಕೆಲಸ ಮಾಡಿ ಬಂದವರಿದ್ದರು. ಬರಹಗಾರರಲ್ಲಿ ಒಬ್ಬನಾದ ಕೋರ್ ಅಡಾನಾ ಮೊದಲು ನೆಟ್‌ವರ್ಕ್ ಸೆಕ್ಯುರಿಟಿಯಲ್ಲಿ ಇದ್ದವನು. ಸಲಹೆಗಾರರು ಕಂತಿನಲ್ಲಿ ಬರಬೇಕಾದ ಹ್ಯಾಕ್ ಅನ್ನು ತಮ್ಮ ಕಂಪ್ಯೂಟರ್‌ನಲ್ಲಿ ಮೊದಲು ಮಾಡಿ ನೋಡುತ್ತಿದ್ದರು. ಅದನ್ನು ವಿಡಿಯೋ ಮಾಡಿಕೊಂಡು, ಅದೇ ಥರ ಅನಿಮೇಷನ್ ತಯಾರಿಸಿ ಶೂಟಿಂಗ್‌ನ ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದರು. ನಟ ಯಾವ ಕೀ ಒತ್ತಿದರೂ ಪರದೆ ಮೇಲೆ ಸರಿಯಾದ ಅಕ್ಷರವೇ ಮೂಡುತ್ತಿತ್ತು. ನಮ್ಮ ಟೈಪಿಂಗ್ ಕ್ಲಾಸಿನಲ್ಲಿ ಇಂಥದ್ದೊಂದು ಇದ್ದಿದ್ದರೆ!

ಸುಳ್ಳು ಇರುವುದು ವೇಗದಲ್ಲಿ. ಪಾಸ್‌ವರ್ಡ್ ಅರ್ಧ ನಿಮಿಷಕ್ಕೆ ಸಿಗುತ್ತದೆ. ಹೆಚ್ಚಿನದೆಲ್ಲ ಮೊದಲ ಸಲಕ್ಕೇ ಕೆಲಸ ಮಾಡುತ್ತದೆ. ಡ್ರೈವರ್ ಸಿಗಲಿಲ್ಲ ಅಂತ ಯಾರೂ ಒದ್ದಾಡುವುದಿಲ್ಲ, ಕರೆಂಟ್ ಹೋಗುವುದಿಲ್ಲ. ಮೇ ತಿಂಗಳಲ್ಲಿ ಎಲಿಯಟ್ ಒಂದು ವಾರ ನಮ್ಮಲ್ಲಿಗೆ ಬಂದು ಇರಲಿ. ಸಿಡಿಲಿಗೆ ಸುಟ್ಟ ಮೋಡೆಮ್ ಎಷ್ಟು ಬರುತ್ತವೆ ಅಂತ ಎಣಿಸಲಿ. ಕ್ರಾಂತಿ ಎಲ್ಲ ಆಮೇಲೆ.

ಆದರೆ ಜನರ ಸ್ವಭಾವ ಇದೆಯಲ್ಲ, ಅದನ್ನು ಒಂದಿಷ್ಟೂ ತಪ್ಪಿಲ್ಲದೆ ತೋರಿಸಿದ್ದಾರೆ. ಮೊದಲ ಕಂತಿನಲ್ಲೇ ಎಲಿಯಟ್ ತನ್ನ ಡಾಕ್ಟರಮ್ಮನ ಪಾಸ್‌ವರ್ಡ್ ಊಹಿಸುತ್ತಾನೆ. ಅವಳ ಇಷ್ಟದ ಗಾಯಕ ಡಿಲನ್. ಹುಟ್ಟಿದ ವರ್ಷ 1972, ಅದನ್ನು ತಿರುಗಿಸಿದರೆ 2791. ಎರಡೂ ಸೇರಿದರೆ ಪಾಸ್‌ವರ್ಡ್. ನನ್ನ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ದೇವರ ಹೆಸರು ಮತ್ತು 123, ಇಲ್ಲವೇ ಮಗಳ ಹೆಸರು ಮತ್ತು ಹುಟ್ಟಿದ ವರ್ಷ. ತಿರುಗಿಸುವ ತೊಂದರೆಯನ್ನೂ ಯಾರೂ ತಗೊಳ್ಳುವುದಿಲ್ಲ. ಅದೇ ಕಂತಿನಲ್ಲಿ ಅವಳ ಗೆಳೆಯನಿಗೆ ಎಲಿಯಟ್ ಫೋನ್ ಮಾಡುತ್ತಾನೆ. ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ಖಾತೆಯಲ್ಲಿ ಏನೋ ಗಡಿಬಿಡಿ ಆಗಿದೆ, ಖಾತ್ರಿಗೆ ಒಂದೆರಡು ಪ್ರಶ್ನೆ ಅನ್ನುತ್ತಾನೆ. ನಾಯಿಯ ಹೆಸರೇನು? ಆ ಮನುಷ್ಯ ಹೇಳಿಬಿಡುತ್ತಾನೆ. 2015ರಲ್ಲಿ ನೋಡಿದಾಗ ಇಷ್ಟು ಸುಲಭವಾ ಅನ್ನಿಸಿತ್ತು. ಈಗ ಪ್ರತಿ ತಿಂಗಳೂ ಯಾರಾದರೂ ಫೋನ್ ಹಿಡಿದು ಬೆವರುತ್ತ ಅಂಗಡಿಗೆ ಬರುತ್ತಾರೆ. ನಾನು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತೇನೆ, ಉಳಿದ ಮಾತು ಆಮೇಲೆ.

ನನ್ನದೇ ಮರ್ಯಾದೆ ಹೋದ ಕಥೆಯೂ ಒಂದಿದೆ. ಸೀರೀಸ್‌ನಲ್ಲಿ ಪೊಲೀಸರು ಓಡಾಡುವ ಕಡೆ ಎಲಿಯಟ್‌ನ ಗುಂಪಿನವರು ವೈರಸ್ ತುಂಬಿದ ಪೆನ್‌ಡ್ರೈವ್‌ಗಳನ್ನು ಬೀಳಿಸಿ ಹೋಗುತ್ತಾರೆ. ಒಬ್ಬ ಪೊಲೀಸ್ ಎತ್ತಿಕೊಂಡು ಹೋಗಿ ಆಫೀಸಿನ ಕಂಪ್ಯೂಟರ್‌ಗೆ ಚುಚ್ಚುತ್ತಾನೆ. ಎಂಥಾ ದಡ್ಡ ಅಂತ ನಗುತ್ತಿದ್ದೆ. ಅದಾಗಿ ತಿಂಗಳೂ ಆಗಿರಲಿಲ್ಲ. ಯಾರೋ ಕೌಂಟರ್ ಮೇಲೆ ಒಂದು ಪೆನ್‌ಡ್ರೈವ್ ಬಿಟ್ಟು ಹೋಗಿದ್ದರು. ಯಾರದ್ದು ಅಂತ ನೋಡೋಣ ಅಂತ ನಾನೇ ಬಿಲ್ಲಿಂಗ್ ಕಂಪ್ಯೂಟರ್‌ಗೆ ಹಾಕಿದೆ. ಶಾರ್ಟ್‌ಕಟ್ ವೈರಸ್. ಫೋಲ್ಡರ್‌ಗಳೆಲ್ಲ ಮಾಯ, ಅವುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳ ಸಾಲು. ಅಷ್ಟರಲ್ಲಿ ಅದೇ ಕಂಪ್ಯೂಟರ್‌ನಿಂದ ಅಡಿಕೆ ವಖಾರಿಯೊಂದರ ಟ್ಯಾಲಿ ಲೆಕ್ಕದ ಬ್ಯಾಕಪ್ ಕಾಪಿ ಮಾಡಿ ಕೊಟ್ಟಿದ್ದೆ. ಅಲ್ಲಿಗೂ ಹೋಗಿ ಕ್ಲೀನ್ ಮಾಡಿ ಬರಬೇಕಾಯಿತು, ಪುಕ್ಕಟೆ. ಸೀರೀಸ್‌ನ ಪೊಲೀಸಪ್ಪನ ಕಂಪ್ಯೂಟರ್‌ನಲ್ಲಿ ಆಂಟಿವೈರಸ್ ಆದರೂ ಇತ್ತು, ತಕ್ಷಣ ಹಿಡಿಯಿತು. ನನ್ನದರಲ್ಲಿ ಅದರ ಅವಧಿ ಮುಗಿದಿತ್ತು.

ಇನ್ನು, ನಿಲ್ಲಿಸಿ ನಿಲ್ಲಿಸಿ ಏನು ನೋಡುತ್ತೇನೆ ಅನ್ನೋದು. ಮೂಲೆಯಲ್ಲಿ ಬರೆದಿಟ್ಟದ್ದನ್ನು.

ಮೊದಲು ಕಂತುಗಳ ಹೆಸರು. ಮೊದಲ ಸೀಸನ್‌ನವು ಯಾರೋ ಪೈರಸಿ ಮಾಡಿ ಇಳಿಸಿಕೊಂಡ ವಿಡಿಯೋ ಫೈಲ್‌ಗಳ ಹಾಗೆ ಇವೆ. ಎಣಿಕೆ ಸೊನ್ನೆಯಿಂದ ಶುರು. ‘ಹಲೋ ಫ್ರೆಂಡ್ ಡಾಟ್ ಎಂಒವಿ’, ಇನ್ನೊಂದಕ್ಕೆ ಡಾಟ್ ಎಂಕೆವಿ, ಇನ್ನೊಂದಕ್ಕೆ ಡಾಟ್ ಎವಿಐ. ಸಿಡಿ ಕಾಲದಲ್ಲಿ ‘ಈ ಫೈಲ್ ಓಪನ್ ಆಗ್ತಿಲ್ಲ’ ಅಂತ ಬರುತ್ತಿದ್ದ ಗಿರಾಕಿಗಳೆಲ್ಲ ನೆನಪಾದರು. ಎರಡನೇ ಸೀಸನ್‌ನಲ್ಲಿ ಹೆಸರಿನ ಬಾಲಕ್ಕೆ ಎನ್‌ಕ್ರಿಪ್ಷನ್, ಅಂದರೆ ಗುಟ್ಟಾಗಿ ಬೀಗ ಹಾಕಿಟ್ಟ ಫೈಲ್‌ಗಳ ಗುರುತು ಬಂತು. ನಾಲ್ಕನೆಯದರಲ್ಲಿ ವೆಬ್‌ಸೈಟ್ ಕೈಕೊಟ್ಟಾಗ ಬರುವ ನಂಬರ್‌ಗಳು: 401, 402, 403. 404 ಅಂದರೆ ‘ನಾಟ್ ಫೌಂಡ್’ ಅನ್ನೋದು ಎಲ್ಲರಿಗೂ ಗೊತ್ತು. ಆ ಕಂತಿನಲ್ಲಿ ಏನಾಗುತ್ತದೆ? ಕ್ರಿಸ್ಮಸ್ ಹಿಂದಿನ ರಾತ್ರಿ, ಹಿಮ ಬಿದ್ದ ಕಾಡಿನಲ್ಲಿ ಎಲಿಯಟ್ ಮತ್ತು ಜೊತೆಗಿದ್ದವರು ದಾರಿ ತಪ್ಪಿ ಅಲೆಯುತ್ತಾರೆ. ಅದರ ಮುಂದಿನದು 405, ‘ಮೆಥಡ್ ನಾಟ್ ಅಲೌಡ್’. ಹೀಗೆ ಮಾಡುವಂತಿಲ್ಲ ಅಂತ ಅರ್ಥ. ಆ ಕಂತಿನ ಶುರುವಿಗೆ ಒಂದು ಮಾತು, ಕೊನೆಗೆ ಒಂದು ಮಾತು. ನಡುವೆ ಇಡೀ ಹ್ಯಾಕ್ ಯಾರೂ ಬಾಯಿ ಬಿಡದೆ ನಡೆಯುತ್ತದೆ. ಮೊದಲ ಸಲ ನೋಡುವಾಗ ಸ್ಪೀಕರ್ ಹಾಳಾಯಿತೇನೋ ಅಂತ ವಯರ್ ಅಲ್ಲಾಡಿಸಿದ್ದೆ.

ಐಪಿ ಅಡ್ರೆಸ್‌ದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಇಂಟರ್ನೆಟ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಮನೆ ನಂಬರ್ ಥರ ಒಂದು ವಿಳಾಸ. ಚುಕ್ಕಿ ಇಟ್ಟು ನಾಲ್ಕು ಅಂಕೆ, ಪ್ರತಿಯೊಂದೂ 0ಯಿಂದ 255ರ ಒಳಗೆ. ಸಿನಿಮಾದವರು ಬೇಕಂತಲೇ 255 ದಾಟಿಸುತ್ತಾರೆ. ನಿಜವಾದ ಯಾರದೋ ವಿಳಾಸ ತೋರಿಸಿ ತಂಟೆ ಆಗೋದು ಬೇಡ ಅಂತ. 1995ರ ‘ದಿ ನೆಟ್’ ಸಿನಿಮಾದಲ್ಲಿ ಒಂದು ಭಾಗ 748 ಅಂತಿದೆ. ‘ಮಿಸ್ಟರ್ ರೋಬಾಟ್’ ಮೊದಲ ಕಂತಿನಲ್ಲೂ 373ಕ್ಕೆ ಮುಗಿಯುವ ವಿಳಾಸ ಬರುತ್ತದೆ. ಅಲ್ಲಿಗೆ ಇವರೂ ಮಾಮೂಲಿಯೇ ಅಂದುಕೊಂಡೆ. ಆಮೇಲೆ ಆಟ ಬದಲಾಯಿತು. ಮುಂದಿನ ಸೀಸನ್‌ಗಳಲ್ಲಿ ಸೀರೀಸ್ ಮಾಡಿದ ಕಂಪನಿಯವರು ತಮ್ಮದೇ ವಿಳಾಸ, ತಮ್ಮದೇ ವೆಬ್‌ಸೈಟ್‌ಗಳನ್ನು ಇಟ್ಟುಕೊಂಡು ಅವನ್ನೇ ಪರದೆ ಮೇಲೆ ತೋರಿಸಿದರು. ಎಲಿಯಟ್‌ನ ನೋಟ್‌ಬುಕ್‌ನಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ. ಫೋನ್ ಹಿಡಿದರೆ ಸ್ಕ್ಯಾನ್ ಆಗಿ ಒಂದು ಸೈಟ್ ತೆರೆದುಕೊಳ್ಳುತ್ತಿತ್ತು, ಅಲ್ಲಿಂದ ಮತ್ತೊಂದು ಒಗಟು. ಒಂದು ಸೆಕೆಂಡ್ ಕಾಣುವ ಚಿತ್ರಕ್ಕೆ ಇಷ್ಟು ಕೆಲಸ! ಯಾರಾದರೂ ನಿಲ್ಲಿಸಿ ನೋಡುತ್ತಾರೆ ಅನ್ನೋ ಭರವಸೆ ಇಲ್ಲದಿದ್ದರೆ ಯಾರು ಮಾಡುತ್ತಾರೆ?

ಇನ್ನೂ ಸುಮಾರಿವೆ, ಎಲ್ಲ ಹೇಳುತ್ತ ಕೂತರೆ ಬೇಸರವಾದೀತು. ದೊಡ್ಡ ಕಂಪನಿಯ ಅಧಿಕಾರಿಯೊಬ್ಬ ಎಲಿಯಟ್‌ನ ಪರದೆ ನೋಡಿ ‘ಓ, ಗ್ನೋಮ್! ನಾನು ಕೆಡಿಇ’ ಅನ್ನುತ್ತಾನೆ. ಅವೆರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು. ಮಾತು ಕೇಳಿ ನಕ್ಕವನು ಅಂಗಡಿಯಲ್ಲಿ ನಾನೊಬ್ಬನೇ. ಎಲಿಯಟ್ ಕದ್ದ ಮಾಹಿತಿಯನ್ನು ಹಾಡಿನ ಫೈಲ್‌ಗಳೊಳಗೆ ಅಡಗಿಸಿ ಸಿಡಿಗೆ ಬರೆದು, ಮೇಲೆ ಮಾರ್ಕರ್‌ನಲ್ಲಿ ಹಾಡಿನ ಆಲ್ಬಮ್ ಹೆಸರು ಬರೆದಿಡುತ್ತಾನೆ. ಹಾಗೆ ಅಡಗಿಸುವ ಡೀಪ್‌ಸೌಂಡ್ ಅನ್ನೋ ಸಾಫ್ಟ್‌ವೇರ್ ನಿಜವಾಗಿಯೂ ಇದೆ. ನಮ್ಮನೆ ಅಟ್ಟದ ಮೇಲೂ ಒಂದು ಡಬ್ಬಿ ಸಿಡಿ ಇದೆ, ಎಲ್ಲದರ ಮೇಲೂ ಯಕ್ಷಗಾನ ಪ್ರಸಂಗಗಳ ಹೆಸರು. ಒಳಗೆ ಇರುವುದೂ ಯಕ್ಷಗಾನವೇ, ಹೆದರಬೇಡಿ.

ಯಕ್ಷಗಾನ ಅಂದಕೂಡಲೇ ದೊಡ್ಡಪ್ಪನ ವಿಷಯಕ್ಕೆ ಬರಬೇಕು. ವಯಸ್ಸು ಎಂಬತ್ತರ ಹತ್ತಿರ. ಮೊಬೈಲ್‌ನಲ್ಲಿ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಕಳೆದ ಮಳೆಗಾಲದಲ್ಲಿ ಪೇಟೆಗೆ ಬಂದವರು ಬಸ್ಸಿಗೆ ಹೊತ್ತಿದೆ ಅಂತ ಅಂಗಡಿಯಲ್ಲಿ ಕೂತರು. ಪರದೆ ಮೇಲೆ ‘ಇ ಕಾರ್ಪ್’ ಕಂಪನಿಯ ಲೋಗೋ ನಿಂತಿತ್ತು. ಎಲಿಯಟ್‌ಗೆ ಆ ಹೆಸರು ‘ಈವಿಲ್ ಕಾರ್ಪ್’ ಅಂತಲೇ ಕೇಳುತ್ತದೆ. ಅವನ ತಲೆಯೊಳಗಿಂದ ನೋಡುವ ನಮಗೂ ಹಾಗೇ ಕೇಳುತ್ತದೆ. ಕಂಪನಿಯವರೇ ತಮ್ಮನ್ನು ದುಷ್ಟ ಕಂಪನಿ ಅಂತ ಕರೆದುಕೊಳ್ಳುತ್ತಾರೆ! ಇದನ್ನೇ ದೊಡ್ಡಪ್ಪನಿಗೆ ವಿವರಿಸಲು ಹೊರಟಿದ್ದೆ. ಅವರು ಕೊಡೆ ಪಕ್ಕಕ್ಕಿಟ್ಟು ಮುಂದೆ ಬಗ್ಗಿದರು.

‘ತಮಾ, ಇದು ಎನ್ರಾನ್ ಅಲ್ದನ?’

ನಾನು ಸುಮ್ಮನಾದೆ. ‘ಈ ವಾಲಿದ ಇ ಆನು ನೋಡಿದ್ದಿ. ಪೇಪರ್‌ನಲ್ಲಿ ಬತ್ತಿತ್ತು,’ ಅಂದರು.

ಹೌದು, ಅದೇ. ಎನ್ರಾನ್ ಅಮೆರಿಕದ ವಿದ್ಯುತ್, ಗ್ಯಾಸ್ ಕಂಪನಿ. ಲೆಕ್ಕದಲ್ಲಿ ಮೋಸ ಮಾಡಿ 2001ರ ಡಿಸೆಂಬರ್‌ನಲ್ಲಿ ದಿವಾಳಿ ಎದ್ದಿತು. ಅದರ ವಾಲಿದ ‘ಇ’ ಲೋಗೋ ಮಾಡಿದ್ದು ಪಾಲ್ ರ್‍ಯಾಂಡ್. ಐಬಿಎಂ ಲೋಗೋ ಮಾಡಿದವರೂ ಅವರೇ. 1996ರಲ್ಲಿ ತೀರಿಕೊಳ್ಳುವ ಮುಂಚೆ ಅವರು ಮಾಡಿದ ಕೊನೆಯ ಕೆಲಸಗಳಲ್ಲಿ ಇದೊಂದು. ಸೀರೀಸ್‌ನವರು ಅದನ್ನೇ ಬೇಕಂತ ಎತ್ತಿಕೊಂಡಿದ್ದಾರೆ. ನಾನು ಇದನ್ನೆಲ್ಲ ಇಂಟರ್ನೆಟ್‌ನಲ್ಲಿ ಓದಿ ತಿಳಿದುಕೊಂಡವನು. ದೊಡ್ಡಪ್ಪನಿಗೆ ಅದು ಊರ ಸುದ್ದಿ. ನಮ್ಮ ಕರಾವಳಿಯಲ್ಲೇ ಬಡಗು ದಿಕ್ಕಿಗೆ ಹೋದರೆ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆ, ಅಲ್ಲಿನ ದಾಭೋಳದಲ್ಲಿ ಎನ್ರಾನ್ ವಿದ್ಯುತ್ ಸ್ಥಾವರ ಕಟ್ಟಲು ಬಂದಿತ್ತು. ಕರೆಂಟಿನ ದರದ ಮೇಲೆ ವರ್ಷಗಟ್ಟಲೆ ಜಗಳ. ಇತ್ತ ನಮ್ಮ ಜಿಲ್ಲೆಯಲ್ಲಿ ಕೈಗಾ ಅಣುಸ್ಥಾವರ ಏಳುತ್ತಿತ್ತು. 1994ರಲ್ಲಿ ಅದರ ಗುಮ್ಮಟ ಕಟ್ಟುವಾಗಲೇ ಕುಸಿದಿತ್ತು. ಆ ಕಾಲದಲ್ಲಿ ಇಲ್ಲಿನವರು ಕರೆಂಟ್ ಕಂಪನಿಗಳ ಸುದ್ದಿಯನ್ನು ಅಡಿಕೆ ದರ ಓದಿದಷ್ಟೇ ಗಮನವಿಟ್ಟು ಓದುತ್ತಿದ್ದರು ಅಂತ ದೊಡ್ಡಪ್ಪ ಹೇಳಿದರು. ಅಷ್ಟೂ ಹೊತ್ತು ಬಸ್ಸಿನ ನೆನಪೇ ಇಲ್ಲ.

ಆಮೇಲೆ ನಾನು ಅವರಿಗೆ ನಿಮ್ಮ ಪ್ರಶ್ನೆಯನ್ನೇ ಕೇಳಿದೆ. ‘ನೀವು ಒಂದೇ ಪ್ರಸಂಗಾನ ಎಷ್ಟು ಸಲ ನೋಡಿದ್ದೀರಿ?’ ಅಂತ. ಎಣಿಸಿದವರ್‍ಯಾರು ಅಂದರು. ‘ಕಥೆ ಗೊತ್ತಿದ್ರೇ ಆಟ ನೋಡಲೆ ಚಂದ.’ ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥ ಹೇಳುವವರು ಮಾತಿನ ನಡುವೆ ಬೇರೊಂದು ಪ್ರಸಂಗದ ಎಳೆಯನ್ನು ಸುಮ್ನೆ ಹಾಗೇ ತೇಲಿಸಿ ಬಿಡುತ್ತಾರೆ. ಎದುರು ಕೂತ ನೂರು ಜನರಲ್ಲಿ ನಾಲ್ಕು ಜನ ‘ಹ್ಞಾ’ ಅನ್ನುತ್ತಾರೆ. ದೊಡ್ಡಪ್ಪ ಯಾವಾಗಲೂ ಆ ನಾಲ್ವರಲ್ಲಿ ಒಬ್ಬರು. ನಾನು ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದವನು.

ಅವತ್ತಿನಿಂದ ಪೇಟೆಗೆ ಬಂದಾಗಲೆಲ್ಲ ಅರ್ಧ ಗಂಟೆ ಕೂತು ಹೋಗುತ್ತಾರೆ. ಇಂಗ್ಲಿಷ್ ಅರ್ಥವಾಗದ ಕಡೆ ನಾನು ಹೇಳುತ್ತೇನೆ. ಆ ಹುಡುಗ ಯಾಕೆ ಸರಿಯಾಗಿ ಉಣ್ಣುವುದಿಲ್ಲ ಅನ್ನೋದೇ ಅವರಿಗೆ ದೊಡ್ಡ ಚಿಂತೆ. ಮೊನ್ನೆ 404 ಬಂತು. ಹಿಮದ ಕಾಡಿನಲ್ಲಿ ಇವರು ದಾರಿ ತಪ್ಪಿ ತಿರುಗುತ್ತಿದ್ದಾರೆ. ನಾನು ನಿಲ್ಲಿಸಿ, ಈ ನಂಬರ್‌ಗೆ ಹೀಗೊಂದು ಅರ್ಥ ಉಂಟು, ಬ್ರೌಸರ್‌ನಲ್ಲಿ ಪುಟ ಸಿಗದಿದ್ದರೆ ಹೀಗೆ ಬರುತ್ತದೆ ಅಂತ ಖುಷಿಯಲ್ಲಿ ಬಿಡಿಸಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡು, ಪರದೆ ಕಡೆ ಇನ್ನೊಮ್ಮೆ ನೋಡಿ, ಕವಳದ ಸಂಚಿ ಬಿಚ್ಚಿದರು.

‘ಹಳ್ಳ ಹಿಡ್ಕಂಡು ಕೆಳಗೆ ಹೋಗಕಾಗಿತ್ತು,’ ಅಂದರು.