ಕರೆಂಟ್ ಖಾಸಗಿ ಆದರೆ ತೋಟದ ಮನೆಗೆ ಯಾರು ಹೋಗ್ತಾರೆ?

ವಿದ್ಯುತ್ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟರೆ ಜನಕ್ಕೆ ಒಳ್ಳೆಯದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬಯಲುಸೀಮೆಯ ವಿದ್ಯುತ್ ಸೆಕ್ಷನ್ ಆಫೀಸುಗಳಲ್ಲಿ ಜೆಇ (ಜೂನಿಯರ್ ಎಂಜಿನಿಯರ್) ಆಗಿ ಕೆಲಸ ಮಾಡಿದ ನನಗೆ ಅನಿಸಿದ್ದು ಇಷ್ಟು: ಪೇಟೆಯವರಿಗೆ ಅನುಕೂಲ ಆಗಬಹುದು, ಲೈನಿನ ಕೊನೆಯಲ್ಲಿ ಇರುವವರಿಗೆ ಕಷ್ಟ.

ಖಾಸಗಿಯಾದರೆ ನಷ್ಟ ಇಳಿಯುತ್ತದೆ ಅಂತ ಕೊಡುವ ದೆಹಲಿಯ ಉದಾಹರಣೆ ಸುಳ್ಳಲ್ಲ. 2002ರಲ್ಲಿ ಅಲ್ಲಿ ವಿತರಣೆ ಖಾಸಗಿಯಾದಾಗ ಕೊಟ್ಟ ಕರೆಂಟಿನಲ್ಲಿ ಅರ್ಧದಷ್ಟಕ್ಕೆ ದುಡ್ಡೇ ಬರುತ್ತಿರಲಿಲ್ಲ. ಈಗ ಆ ನಷ್ಟ ಶೇ 10ಕ್ಕಿಂತ ಕೆಳಗೆ ಇಳಿದಿದೆ. ಆದರೆ ಅದು ಒತ್ತೊತ್ತಾಗಿ ಮನೆಗಳಿರುವ ಊರು, ಮೊದಲ ವರ್ಷಗಳಲ್ಲಿ ಸರ್ಕಾರವೂ ಸಾವಿರಾರು ಕೋಟಿ ನೆರವು ಕೊಟ್ಟಿತು. ಅಷ್ಟಾದರೂ ದರ ಏರಿಸದೆ ಮುಂದೂಡಿದ, ಕಂಪನಿಗಳಿಗೆ ಬರಬೇಕಾದ ಬಾಕಿ 27,000 ಕೋಟಿ ರೂಪಾಯಿ ದಾಟಿತು. ಅದನ್ನು ತೀರಿಸಲು 2025ರಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಬೇಕಾಯಿತು.

ಒಡಿಶಾ ಅದಕ್ಕಿಂತ ಮೊದಲೇ, 1999ರಲ್ಲಿ, ಈ ದಾರಿ ಹಿಡಿದಿತ್ತು. ಅಮೆರಿಕದ ಎಇಎಸ್ ಕಂಪನಿ ರಾಜ್ಯದ ಮಧ್ಯಭಾಗದ ವಿತರಣೆ ವಹಿಸಿಕೊಂಡ ಕೆಲವೇ ವಾರಕ್ಕೆ ಚಂಡಮಾರುತ ಬಂದು ಕಂಬಗಳೆಲ್ಲ ನೆಲ ಕಚ್ಚಿದವು. 2001ರಲ್ಲಿ ಕಂಪನಿ ಬಿಟ್ಟು ಹೋಯಿತು. ಜನ ಎಲ್ಲಿಗೆ ಹೋಗ್ತಾರೆ ಹೇಳಿ?

ನಮ್ಮ ಸೆಕ್ಷನ್‌ನಲ್ಲಿ ಮೂರು ತೋಟದ ಮನೆಗಳಿಗಾಗಿ ಹಳ್ಳ ದಾಟಿ ಎಳೆದ ಒಂದು ಲೈನ್ ಇತ್ತು. ಮಳೆಗಾಲದಲ್ಲಿ ಅಲ್ಲಿ ಕೊಂಬೆ ಬಿದ್ದು ತಂತಿ ಕಡಿದರೆ ಇಬ್ಬರು ಲೈನ್‌ಮನ್‌ಗಳು ಏಣಿ ಹೊತ್ತುಕೊಂಡು ಕೆಸರಲ್ಲಿ ನಡೆದೇ ಹೋಗಬೇಕು, ಅರ್ಧ ದಿನ ಅಲ್ಲಿಗೇ ಮುಗಿಯುತ್ತದೆ, ಮತ್ತು ಆ ಮೂರೂ ಮನೆಯ ಬಿಲ್ಲು ಸೇರಿಸಿದರೂ ಅವರ ಒಂದು ದಿನದ ಕೂಲಿ ಹುಟ್ಟುವುದಿಲ್ಲ. ಲಾಭ ನೋಡುವವನು ಆ ಲೈನ್ ಎಳೆಯುವುದೇ ಇಲ್ಲ. ಪೇಟೆಯ ಅಂಗಡಿ, ಕಾರ್ಖಾನೆಗಳ ದುಡ್ಡು ಮತ್ತು ಸರ್ಕಾರದ ಸಬ್ಸಿಡಿ ಸೇರಿದ್ದರಿಂದಲೇ ಅಲ್ಲಿ ದೀಪ ಉರಿಯುತ್ತಿದೆ. ಖಾಸಗಿಯವರು ಬರೀ ಪೇಟೆ ಆರಿಸಿಕೊಂಡರೆ ಹಳ್ಳಿಯ ಖರ್ಚು ಯಾರ ತಲೆಗೆ?

ಹಾಗಂತ ನಮ್ಮ ಇಲಾಖೆ ಸರಿಯಾಗಿದೆ ಅಂತ ನಾನು ಹೇಳಲ್ಲ. ಖಾಸಗೀಕರಣ ಈಗಾಗಲೇ ಚೂರುಚೂರಾಗಿ ಒಳಗೆ ಬಂದಿದೆ. ನಾನು ನೋಡಿದ ಒಂದು ವಿದ್ಯುತ್ ಸಬ್‌ಸ್ಟೇಷನ್‌ನಲ್ಲಿ ಆಪರೇಟರ್‌ಗಳು ಗುತ್ತಿಗೆಯವರು, ಸಂಬಳ ತಿಂಗಳುಗಟ್ಟಲೆ ತಡ, ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಹುಡುಗರು. ಲೈನ್‌ಮನ್ ಕಂಬ ಹತ್ತುವ ಮೊದಲು ಎಲ್‌ಸಿ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಕೊಡುವುದು ಇದೇ ಆಪರೇಟರ್. ಯಾವ ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಯಾವ ಊರಿನ ಮೇಲೆ ಹೋಗುತ್ತದೆ ಅಂತ ಅವನಿಗೆ ಸರಿಯಾಗಿ ಗೊತ್ತಿಲ್ಲದಿದ್ದರೆ ಮೇಲಿರುವವನ ಜೀವ ಹೋಗುತ್ತದೆ. ಅಲ್ಲಿ ಸಂಬಳ ಉಳಿಸುವುದು ಯಾವ ಸುಧಾರಣೆಯೂ ಅಲ್ಲ.

ಇನ್ನು ನಿಮ್ಮ ಕೈಲಿ ಆಗುವ ಒಂದು ಕೆಲಸ ಇದೆ. ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಪೇಟೆಯಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಾಯಿಸಬೇಕು, ತಪ್ಪಿದರೆ ಪರಿಹಾರ ಕೊಡಬೇಕು ಅಂತ ಕೆಇಆರ್‌ಸಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ನಿಯಮವೇ ಇದೆ. ಅದನ್ನು ಕೇಳಿಕೊಂಡು ಬಂದವರನ್ನು ನಾನು ಕಂಡಿದ್ದು ತೀರಾ ಅಪರೂಪ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಗಡುವು ದಾಟಿದ ಮೇಲೆ ಸಬ್‌ಡಿವಿಷನ್‌ಗೆ ಹೋಗಿ ಬರವಣಿಗೆಯಲ್ಲಿ ಕೇಳಿ.